ವಿಮಾನ ಕಂಪನಿಯ ಕೈಗೆ ರಿಫೈನರಿ ಬಂದರೆ ಇಂಧನ ಅಗ್ಗವಾಗುತ್ತದೆಯೇ? ಡೆಲ್ಟಾ ಲೆಕ್ಕವನ್ನು ಬಿಡಿಸಿ ನೋಡಿದಾಗ

ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ತನ್ನ ಲೆಕ್ಕಪತ್ರ ಪ್ರಕಟಿಸಿದಾಗಲೆಲ್ಲ ಆದಾಯದ ಜಾಗದಲ್ಲಿ ಎರಡು ಅಂಕಿಗಳು ಸುದ್ದಿಯಾಗುತ್ತವೆ. 2024ರದ್ದನ್ನೇ ತೆಗೆದುಕೊಳ್ಳಿ. ಒಂದು ವರದಿಯಲ್ಲಿ ವರ್ಷದ ಆದಾಯ ಸುಮಾರು 6,160 ಕೋಟಿ ಡಾಲರ್, ಇನ್ನೊಂದರಲ್ಲಿ ಸುಮಾರು 5,700 ಕೋಟಿ. ಎರಡೂ ಸರಿಯೇ. ನಡುವಿನ 460 ಕೋಟಿ ಡಾಲರ್ ಟಿಕೆಟ್ ಮಾರಿದ್ದರಿಂದ ಬಂದ ಹಣವಲ್ಲ, ಸರಕು ಸಾಗಿಸಿದ್ದರಿಂದ ಬಂದದ್ದೂ ಅಲ್ಲ. ಅದು ಕಂಪನಿಯ ಸ್ವಂತ ತೈಲ ರಿಫೈನರಿಯಿಂದ ಹೊರಗಿನವರಿಗೆ ಪೆಟ್ರೋಲ್, ಡೀಸೆಲ್ ಮುಂತಾದವನ್ನು ಮಾರಿದ ಹಣ.

ವಿಮಾನ ಹಾರಿಸುವವರು ಪೆಟ್ರೋಲ್ ಯಾಕೆ ಮಾರುತ್ತಾರೆ? ರಿಫೈನರಿ ಇದ್ದೂ ಇಂಧನದ ಬೆಲೆ ಏರಿದಾಗ ಡೆಲ್ಟಾಗೂ ಬಿಸಿ ತಟ್ಟುವುದೇಕೆ? ಇಷ್ಟು ಒಳ್ಳೆಯ ಉಪಾಯವಾಗಿದ್ದರೆ ಉಳಿದ ದೊಡ್ಡ ಕಂಪನಿಗಳು ಅದನ್ನೇ ಯಾಕೆ ಅನುಸರಿಸಲಿಲ್ಲ? ಮೂರಕ್ಕೂ ಉತ್ತರ ಇರುವುದು ಒಂದೇ ಕಡೆ: ರಿಫೈನರಿ ಕೊಂಡಾಗ ಕೈಗೆ ಬರುವುದು ತೈಲವಲ್ಲ, ತೈಲ ಸಂಸ್ಕರಿಸುವ ಕೂಲಿ ಮಾತ್ರ.

2012ರಲ್ಲಿ ಆದ ವ್ಯವಹಾರ

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾ ಪಕ್ಕ, ಡೆಲವೇರ್ ನದಿಯ ದಂಡೆಯ ಮೇಲೆ ಟ್ರೇನರ್ ಎಂಬ ಪುಟ್ಟ ಊರಿದೆ. ಅಲ್ಲಿನ ರಿಫೈನರಿಗೆ ದಿನಕ್ಕೆ 1,85,000 ಬ್ಯಾರೆಲ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯವಿತ್ತು. ನಷ್ಟ ತಾಳಲಾರದೆ ತೈಲ ಕಂಪನಿ ಕೊನೊಕೊಫಿಲಿಪ್ಸ್ 2011ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿತು. ಮರುವರ್ಷ ಏಪ್ರಿಲ್ 30ರಂದು ಡೆಲ್ಟಾ ಅದನ್ನು ಕೊಳ್ಳುವುದಾಗಿ ಘೋಷಿಸಿ, ನಡೆಸಲು ಮನ್ರೋ ಎನರ್ಜಿ ಎಂಬ ಅಂಗಸಂಸ್ಥೆಯನ್ನು ಮುಂದೆ ತಂದಿತು. ಬೆಲೆ 18 ಕೋಟಿ ಡಾಲರ್. ಅದರಲ್ಲಿ 3 ಕೋಟಿ ಪೆನ್ಸಿಲ್ವೇನಿಯಾ ಸರ್ಕಾರದ ನೆರವು. ಹಾಗಾಗಿ ಡೆಲ್ಟಾ ಕೊಟ್ಟದ್ದು 15 ಕೋಟಿ. ವಿಮಾನ ಇಂಧನ ಹೆಚ್ಚು ಬರುವಂತೆ ಸ್ಥಾವರವನ್ನು ಮಾರ್ಪಡಿಸಲು ಇನ್ನೂ 10 ಕೋಟಿ. ಇದು ಒಂದು ದೊಡ್ಡ ವಿಮಾನದ ಪಟ್ಟಿಬೆಲೆಯಷ್ಟೇ ಎಂದು ಕಂಪನಿ ಹೇಳಿಕೊಂಡಿತು. ವರ್ಷಕ್ಕೆ 30 ಕೋಟಿ ಡಾಲರ್ ಉಳಿಯುತ್ತದೆ ಎಂಬುದು ಆಗಿನ ಭರವಸೆ.

ಇಷ್ಟು ದೊಡ್ಡ ಸ್ಥಾವರ ಇಷ್ಟು ಅಗ್ಗಕ್ಕೆ ಸಿಕ್ಕಿತೆಂಬುದೇ ಒಂದು ಸುಳಿವು. ಆಗ ಕಚ್ಚಾ ತೈಲ ಬ್ಯಾರೆಲ್‌ಗೆ 110 ಡಾಲರ್ ಆಸುಪಾಸಿನಲ್ಲಿತ್ತು. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಟ್ರೇನರ್‌ಗೆ ದಿನಕ್ಕೆ 2 ಕೋಟಿ ಡಾಲರಿನ ಕಚ್ಚಾ ತೈಲ ಬೇಕು. ಅಂದರೆ ಡೆಲ್ಟಾ ಕೊಟ್ಟ ಬೆಲೆ ಎಂಟು ದಿನದ ಕಚ್ಚಾ ಮಾಲಿಗೂ ಸಾಲುತ್ತಿರಲಿಲ್ಲ! ರಿಫೈನರಿ ಧಂದೆಯಲ್ಲಿ ಗೋಪುರ, ಕುಲುಮೆ, ಕೊಳವೆಗಳ ಬೆಲೆಗಿಂತ ಅವುಗಳೊಳಗೆ ಹರಿಯುವ ಮಾಲಿನ ಬೆಲೆಯೇ ದೊಡ್ಡದು. ಅದಕ್ಕಾಗಿಯೇ ಕಚ್ಚಾ ತೈಲ ಪೂರೈಸುವ ಹೊಣೆಯನ್ನು ಡೆಲ್ಟಾ ಮೊದಲ ಮೂರು ವರ್ಷಕ್ಕೆ ಬಿಪಿ ಎಂಬ ತೈಲ ಕಂಪನಿಗೆ ಒಪ್ಪಿಸಿತು.

ಅಷ್ಟು ಅಗ್ಗ ಯಾಕಾಯಿತು

ಅಮೆರಿಕದ ಪೂರ್ವ ಕರಾವಳಿಯ ರಿಫೈನರಿಗಳು ಹಳೆಯವು. ಹಡಗಿನಲ್ಲಿ ಬರುವ ಆಮದು ತೈಲವೇ ಅವುಗಳಿಗೆ ಆಧಾರ. ಆ ತೈಲದ ಬೆಲೆ ಬ್ರೆಂಟ್ ಎಂಬ ಅಂತರರಾಷ್ಟ್ರೀಯ ಮಾನದಂಡ ದರಕ್ಕೆ ಕಟ್ಟುಬಿದ್ದಿರುತ್ತದೆ. 2011ರ ಹೊತ್ತಿಗೆ ಅಮೆರಿಕದ ಒಳನಾಡಿನಲ್ಲಿ ಶೇಲ್ ತೈಲ (ಬಂಡೆಪದರ ಸೀಳಿ ತೆಗೆಯುವ ತೈಲ) ಉಕ್ಕತೊಡಗಿತ್ತು. ಹೊರಗೆ ಸಾಗಿಸಲು ಸಾಕಷ್ಟು ಕೊಳವೆಮಾರ್ಗ ಇಲ್ಲ, ರಫ್ತಿಗೆ ಕಾನೂನಿನ ಅಡ್ಡಿ. ಹೀಗಾಗಿ ಒಳನಾಡಿನ ತೈಲ ಬ್ರೆಂಟ್‌ಗಿಂತ ಬಹಳ ಕಡಿಮೆಗೆ ಸಿಗುತ್ತಿತ್ತು, ಅಂತರ 20 ಡಾಲರ್ ದಾಟಿದ ದಿನಗಳೂ ಇದ್ದವು. ಒಳನಾಡಿನ ರಿಫೈನರಿಗಳು ಅದನ್ನು ಕೊಂಡು ಲಾಭ ಮಾಡುತ್ತಿದ್ದರೆ, ಕರಾವಳಿಯವು ದುಬಾರಿ ತೈಲ ಕೊಂಡು ಅದೇ ಪೆಟ್ರೋಲನ್ನು ಅದೇ ಬೆಲೆಗೆ ಮಾರಬೇಕಿತ್ತು. ಟ್ರೇನರ್ ನಿಂತಿತು. ಅದೇ ವರ್ಷದ ಕೊನೆಗೆ ಪಕ್ಕದ ಮಾರ್ಕಸ್ ಹುಕ್ ಊರಿನ ರಿಫೈನರಿ ಮುಚ್ಚಿತು. ಫಿಲಡೆಲ್ಫಿಯಾದ ದೊಡ್ಡ ರಿಫೈನರಿಯೂ ಮುಚ್ಚುವ ಅಂಚಿಗೆ ಬಂದಿತ್ತು. ಈ ಪ್ರದೇಶಕ್ಕೆ ಇಂಧನ ಕಳಿಸುತ್ತಿದ್ದ ಕೆರಿಬಿಯನ್ ದ್ವೀಪ ಸೇಂಟ್ ಕ್ರೋಯಿಯ ರಿಫೈನರಿ 2012ರ ಆರಂಭದಲ್ಲಿ ಬಾಗಿಲು ಹಾಕಿತು.

ಡೆಲ್ಟಾಗೆ ಆತಂಕ ಹುಟ್ಟಿದ್ದು ಇಲ್ಲಿ. ನ್ಯೂಯಾರ್ಕ್‌ನ ಎರಡು ವಿಮಾನ ನಿಲ್ದಾಣಗಳಲ್ಲಿ ಅದರ ದೊಡ್ಡ ನೆಲೆಯಿದೆ. ಸುತ್ತಲಿನ ರಿಫೈನರಿಗಳು ಒಂದೊಂದಾಗಿ ಮುಚ್ಚಿದರೆ ಇಂಧನ ಬರಬೇಕಾದದ್ದು ಹ್ಯೂಸ್ಟನ್‌ನಿಂದ ಕಲೋನಿಯಲ್ ಕೊಳವೆಮಾರ್ಗದಲ್ಲಿ, ಇಲ್ಲವೇ ಸಮುದ್ರದಾಚೆಯಿಂದ. ಕೊಳವೆಯಲ್ಲಿ ಹೊರಟ ಮಾಲು ನ್ಯೂಯಾರ್ಕ್ ಬಂದರಿಗೆ ತಲುಪಲು ಎರಡೂವರೆ ವಾರ ಬೇಕು. ಹಡಗಿನಲ್ಲಿ ತರೋಣವೆಂದರೆ, ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸಾಗಿಸಲು ಅಮೆರಿಕದಲ್ಲೇ ಕಟ್ಟಿದ, ಅಮೆರಿಕದ ಸಿಬ್ಬಂದಿಯಿರುವ ಹಡಗೇ ಆಗಬೇಕೆಂದು 1920ರ ಜೋನ್ಸ್ ಕಾಯ್ದೆ ಹೇಳುತ್ತದೆ. ಅಂಥ ಹಡಗುಗಳು ಕಡಿಮೆ, ಬಾಡಿಗೆ ವಿಪರೀತ.

ಇಂಧನದ ಬೆಲೆಯಲ್ಲಿ ಎಷ್ಟು ಪದರ

ವಿಮಾನದ ರೆಕ್ಕೆಯೊಳಗೆ ಹೋಗುವ ಒಂದು ಗ್ಯಾಲನ್ ಇಂಧನದ ಬೆಲೆಯಲ್ಲಿ ಮೂರು ಪದರಗಳಿವೆ. ತಳದಲ್ಲಿ ಕಚ್ಚಾ ತೈಲ. ಅದರ ಮೇಲೆ ಕಚ್ಚಾ ತೈಲಕ್ಕೂ ಸಿದ್ಧ ಇಂಧನಕ್ಕೂ ನಡುವಿನ ಬೆಲೆಯಂತರ. ಮಾರುಕಟ್ಟೆಯವರು ಇದನ್ನು ಕ್ರ್ಯಾಕ್ ಎನ್ನುತ್ತಾರೆ. ಮೇಲ್ಪದರ ಸಾಗಣೆ, ದಾಸ್ತಾನು, ತೆರಿಗೆ.

2011ರಲ್ಲಿ ಬ್ರೆಂಟ್‌ನ ಸರಾಸರಿ ಬ್ಯಾರೆಲ್‌ಗೆ 111 ಡಾಲರ್ ಆಸುಪಾಸು. ಒಂದು ಬ್ಯಾರೆಲ್ ಎಂದರೆ 42 ಗ್ಯಾಲನ್. ಗ್ಯಾಲನ್‌ಗೆ 2.65 ಡಾಲರ್ ಆಯಿತು. ಡೆಲ್ಟಾ ಆ ವರ್ಷ ಗ್ಯಾಲನ್‌ಗೆ ಸರಾಸರಿ 3 ಡಾಲರ್‌ಗಿಂತ ತುಸು ಹೆಚ್ಚು ತೆತ್ತಿತು. ಇಂಧನದ ಒಟ್ಟು ಬಿಲ್ 1,200 ಕೋಟಿ ಡಾಲರ್ ಹತ್ತಿರ, ನಿರ್ವಹಣಾ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಸ್ವಂತ ರಿಫೈನರಿಯಿಂದ ತಗ್ಗಿಸಲು ಸಾಧ್ಯವಿರುವುದು ಈ 3 ಡಾಲರ್‌ನಲ್ಲಿ ಮೇಲಿನ 40 ಸೆಂಟ್‌ಗಳ ಒಂದು ತುಣುಕನ್ನು ಮಾತ್ರ. ಕೆಳಗಿನ 2.65 ಡಾಲರ್‌ಗೆ ಕೈ ಹಾಕಲಾಗದು. ಭರವಸೆ ಕೊಟ್ಟ 30 ಕೋಟಿ ಡಾಲರನ್ನು ವರ್ಷಕ್ಕೆ ಬಳಸುವ ಸುಮಾರು 380 ಕೋಟಿ ಗ್ಯಾಲನ್‌ಗೆ ಹಂಚಿದರೆ ಗ್ಯಾಲನ್‌ಗೆ 8 ಸೆಂಟ್ ಬರುತ್ತದೆ. ಕಂಪನಿಯ ಗುರಿಯೂ ಅಷ್ಟೇ ಇತ್ತು. "ಇಂಧನ ವೆಚ್ಚ ಕಡಿತ" ಎಂಬ ತಲೆಬರಹ ನೋಡಿದವರಿಗೆ ಮಾತ್ರ ಇದು ತಿಳಿಯಲಿಲ್ಲ.

ಇಡ್ಲಿ ಹೋಟೆಲಿನವರು ಅಕ್ಕಿ ಗಿರಣಿ ಕೊಂಡರೆಂದು ಎಣಿಸಿ. ಭತ್ತದ ಬೆಲೆ ಏರಿದರೆ ಗಿರಣಿ ಇದ್ದೂ ಏನೂ ಉಳಿಯುವುದಿಲ್ಲ. ಉಳಿಯುವುದು ಗಿರಣಿ ಕೂಲಿ. ಅದರ ಮೇಲೆ, ಹೋಟೆಲಿಗೆ ಬೇಕಾದದ್ದು ಇಡ್ಲಿಯ ನುಚ್ಚು ಮಾತ್ರ. ಗಿರಣಿಯಿಂದ ಅಕ್ಕಿ, ತೌಡು, ಹೊಟ್ಟು ಎಲ್ಲವೂ ಬರುತ್ತವೆ, ಎಲ್ಲಕ್ಕೂ ಗಿರಾಕಿ ಹುಡುಕಬೇಕು. ಡೆಲ್ಟಾ ಪೆಟ್ರೋಲ್ ಮಾರುವುದು ಇದೇ ಕಾರಣಕ್ಕೆ.

ಒಂದು ಬ್ಯಾರೆಲ್‌ನಿಂದ ವಿಮಾನ ಇಂಧನ ಎಷ್ಟು ತೆಗೆಯಬಹುದು

ವಿಮಾನ ಇಂಧನ ನಮ್ಮ ಸೀಮೆಎಣ್ಣೆಯ ಹತ್ತಿರದ ಬಂಧು. ಕಚ್ಚಾ ತೈಲವನ್ನು ಕುಲುಮೆಯಲ್ಲಿ 350 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾಯಿಸಿ ಬಟ್ಟಿ ಗೋಪುರಕ್ಕೆ ಬಿಟ್ಟಾಗ ಹಗುರ ಭಾಗಗಳು ಮೇಲಕ್ಕೆ ಏರುತ್ತವೆ, ಭಾರದವು ತಳಕ್ಕೆ ಇಳಿಯುತ್ತವೆ. ತುದಿಯಲ್ಲಿ ಅನಿಲ ಮತ್ತು ಪೆಟ್ರೋಲ್‌ಗೆ ಹೋಗುವ ನ್ಯಾಫ್ತಾ, ನಡುವೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್, ತಳದಲ್ಲಿ ಉಳಿಕೆ. ಸರಿಸುಮಾರು 150ರಿಂದ 300 ಡಿಗ್ರಿ ನಡುವೆ ಕುದಿಯುವ ಪಟ್ಟಿಯೇ ವಿಮಾನ ಇಂಧನ.

ಈ ಪಟ್ಟಿಯನ್ನು ಬೇಕಾದಷ್ಟು ಅಗಲ ಮಾಡಲಾಗದು. ಎರಡೂ ಬದಿಯಲ್ಲಿ ಬೇಲಿ ಇದೆ. ಮೇಲಿನಿಂದ ಹಗುರ ನ್ಯಾಫ್ತಾವನ್ನು ಹೆಚ್ಚು ಸೇರಿಸಿಕೊಂಡರೆ ಇಂಧನದ ಆವಿ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳುತ್ತದೆ. ಈ ಫ್ಲ್ಯಾಶ್ ಪಾಯಿಂಟ್ 38 ಡಿಗ್ರಿಗಿಂತ ಕೆಳಗಿಳಿಯಬಾರದು. ಕೆಳಗಿನಿಂದ ಡೀಸೆಲ್ ಭಾಗವನ್ನು ಎಳೆದುಕೊಂಡರೆ ಅದರಲ್ಲಿನ ಮೇಣದಂಥ ಅಂಶ ಚಳಿಗೆ ಹರಳುಗಟ್ಟುತ್ತದೆ. ಅಮೆರಿಕದ ಒಳನಾಡಿನಲ್ಲಿ ಬಳಸುವ ಜೆಟ್-ಎ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ಭಾರತವೂ ಸೇರಿ ಬಹುತೇಕ ಜಗತ್ತು ಬಳಸುವ ಜೆಟ್-ಎ1ಕ್ಕೆ ಮೈನಸ್ 47. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ಮೈನಸ್ 55ರ ಹತ್ತಿರ ಇರುತ್ತದೆ. ರೆಕ್ಕೆಯೊಳಗಿನ ಇಂಧನ ತಾಸುಗಟ್ಟಲೆ ಆ ಚಳಿಗೆ ಒಡ್ಡಿಕೊಂಡಿರುತ್ತದೆ. ಫಿಲ್ಟರ್‌ನಲ್ಲಿ ಹರಳು ಕಟ್ಟಿಕೊಂಡರೆ ಎಂಜಿನ್ ಹಸಿದು ನಿಲ್ಲುತ್ತದೆ, ಆದ್ದರಿಂದ ಈ ಮಿತಿಯಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಟ್ರೇನರ್‌ನಲ್ಲಿ ಅದುವರೆಗೆ ವಿಮಾನ ಇಂಧನದ ಪಾಲು ಶೇಕಡ 14 ಮಾತ್ರ. ಮಾರ್ಪಾಡಿನ ನಂತರದ ಗುರಿ ದಿನಕ್ಕೆ 52,000 ಬ್ಯಾರೆಲ್. ಗುರಿ ಮುಟ್ಟಿದರೂ ಅದು ವರ್ಷಕ್ಕೆ ಸುಮಾರು 80 ಕೋಟಿ ಗ್ಯಾಲನ್, ಡೆಲ್ಟಾ ಬಳಕೆಯ ಐದನೇ ಒಂದು ಪಾಲು.

ಉಳಿದದ್ದಕ್ಕೆ ವಿನಿಮಯ

ಹಾಗಿದ್ದೂ ಅಮೆರಿಕದೊಳಗಿನ ತನ್ನ ಅಗತ್ಯದ ಶೇಕಡ 80ರಷ್ಟನ್ನು ಈ ವ್ಯವಸ್ಥೆ ಪೂರೈಸುತ್ತದೆ ಎಂದು ಡೆಲ್ಟಾ ಹೇಳಿತು. ಹೇಗೆ? ಟ್ರೇನರ್‌ನಲ್ಲಿ ಬರುವ ಪೆಟ್ರೋಲ್, ಡೀಸೆಲನ್ನು ಬಿಪಿ ಮತ್ತು ಫಿಲಿಪ್ಸ್ 66 ಕಂಪನಿಗಳಿಗೆ ಕೊಡುವುದು, ಬದಲಿಗೆ ಆ ಕಂಪನಿಗಳು ದೇಶದ ಬೇರೆ ಊರುಗಳಲ್ಲಿ ಡೆಲ್ಟಾಗೆ ವಿಮಾನ ಇಂಧನ ಕೊಡುವುದು. ಹಳ್ಳಿಯಲ್ಲಿ ರಾಗಿ ಕೊಟ್ಟು ಜೋಳ ತರುವಂಥ ವಿನಿಮಯ.

ಈ ಏರ್ಪಾಡಿನಿಂದ ಮಾಲು ಸಿಗುವ ಖಾತರಿ ಬರುತ್ತದೆ, ಮಾರಾಟದ ತಲೆನೋವು ತಗ್ಗುತ್ತದೆ. ಬೆಲೆಯ ಮಟ್ಟಿಗೆ ಮಾತ್ರ ಪವಾಡವೇನೂ ಇಲ್ಲ. ವಿನಿಮಯ ನಡೆಯುವುದು ಮಾರುಕಟ್ಟೆ ದರದಲ್ಲೇ. ಪೆಟ್ರೋಲ್ ಅಗ್ಗವಾಗಿ ವಿಮಾನ ಇಂಧನ ದುಬಾರಿಯಾದ ದಿನ ಹೆಚ್ಚು ಪೆಟ್ರೋಲ್ ಕೊಟ್ಟು ಕಡಿಮೆ ಇಂಧನ ತರಬೇಕಾಗುತ್ತದೆ.

ಪರವಾಗಿ ಹೇಳುವವರ ವಾದ

ಅವರ ಮೊದಲ ಮಾತು ಬೆಲೆಯ ಅಪಾಯದ ಬಗ್ಗೆ. ಕಚ್ಚಾ ತೈಲದ ಏರಿಳಿತದಿಂದ ರಕ್ಷಣೆ ಬೇಕೆಂದರೆ ವಾಯಿದಾ ಪೇಟೆಯಲ್ಲಿ, ಮುಂದಿನ ದಿನದ ಬೆಲೆಯನ್ನು ಇಂದೇ ಗೊತ್ತುಮಾಡುವ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ವಿಮಾನ ಇಂಧನಕ್ಕೆಂದೇ ದೊಡ್ಡ, ಚುರುಕಾದ ವಾಯಿದಾ ಪೇಟೆ ಅಮೆರಿಕದಲ್ಲಿಲ್ಲ. ವಿಮಾನ ಕಂಪನಿಗಳು ಡೀಸೆಲ್ ಅಥವಾ ಕಚ್ಚಾ ತೈಲದ ವಾಯಿದೆಯನ್ನೇ ಬದಲಿಯಾಗಿ ಹಿಡಿಯುತ್ತವೆ. ಇಂಧನದ ಬೆಲೆ ಏರಿ ಆ ಬದಲಿಯ ಬೆಲೆ ಏರದಿದ್ದರೆ ರಕ್ಷಣೆ ಇದ್ದೂ ಇಲ್ಲದಂತೆ. ಸ್ವಂತ ರಿಫೈನರಿ ಈ ಸಂದನ್ನು ಮುಚ್ಚುತ್ತದೆ. ಕ್ರ್ಯಾಕ್ ಏರಿದಾಗ ವಿಮಾನ ವಿಭಾಗ ಕಳೆದುಕೊಂಡದ್ದನ್ನು ರಿಫೈನರಿ ವಿಭಾಗ ಗಳಿಸುತ್ತದೆ. ಇಳಿದಾಗ ಅದು ತಿರುಗುಮುರುಗು.

ಎರಡನೆಯದು ನನ್ನ ದೃಷ್ಟಿಯಲ್ಲಿ ಇಡೀ ವ್ಯವಹಾರದ ಗಟ್ಟಿ ಸಮರ್ಥನೆ. ಟ್ರೇನರ್ ಮುಚ್ಚಿಯೇ ಇದ್ದಿದ್ದರೆ ನ್ಯೂಯಾರ್ಕ್ ಪ್ರದೇಶದ ಇಂಧನದ ಬೆಲೆ ಇನ್ನಷ್ಟು ಏರುತ್ತಿತ್ತು. ಅದು ತೆರೆದದ್ದರಿಂದ ಆ ಏರಿಕೆ ತಪ್ಪಿತು. ತಪ್ಪಿದ ಏರಿಕೆ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ. ರಿಫೈನರಿ ವಿಭಾಗದಲ್ಲಿ ಅಲ್ಪ ನಷ್ಟ ಕಂಡರೂ, ನೂರಾರು ಕೋಟಿ ಗ್ಯಾಲನ್ ಕೊಳ್ಳುವ ವಿಮಾನ ವಿಭಾಗಕ್ಕೆ ಗ್ಯಾಲನ್‌ಗೆ ಮೂರು ನಾಲ್ಕು ಸೆಂಟ್ ಉಳಿದರೆ ಆ ನಷ್ಟ ತುಂಬಿಹೋಗುತ್ತದೆ.

ವಿರೋಧಿಸುವವರ ವಾದ

ವಿರೋಧಿಗಳು ಇದೇ ವಾದವನ್ನು ತಿರುಗಿಸಿ ಹಿಡಿಯುತ್ತಾರೆ. ನ್ಯೂಯಾರ್ಕ್‌ನಲ್ಲಿ ಬೆಲೆ ಇಳಿದರೆ ಅದು ಎಲ್ಲ ಕಂಪನಿಗಳಿಗೂ ಇಳಿಯುತ್ತದೆ. ಜೆಟ್‌ಬ್ಲೂ, ಅಮೆರಿಕನ್, ಯುನೈಟೆಡ್ ಬಿಡಿಕಾಸು ಹಾಕದೆ ಅದೇ ಲಾಭ ಪಡೆಯುತ್ತವೆ. ಬಾವಿ ತೋಡಿಸಿದವರು ಒಬ್ಬರು, ನೀರು ಸೇದುವವರು ಊರವರೆಲ್ಲ. ನಷ್ಟದ ಹೊರೆ ಮಾತ್ರ ಡೆಲ್ಟಾದ ತಲೆಯ ಮೇಲೆ.

ಇನ್ನೊಂದು ಪ್ರಶ್ನೆ ಮೂಲಭೂತವಾದದ್ದು. ಟ್ರೇನರ್‌ನಲ್ಲಿ ತಯಾರಾದ ಇಂಧನವನ್ನು ಹೊರಗೆ ಮಾರುಕಟ್ಟೆ ದರಕ್ಕೆ ಮಾರಬಹುದು. ಹಾಗಿರುವಾಗ ಅದನ್ನು ತನ್ನದೇ ವಿಮಾನಕ್ಕೆ ತುಂಬಿದಾಗ ನಿಜವಾದ ವೆಚ್ಚ ಮಾರುಕಟ್ಟೆ ದರವೇ. ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿದರೆ ಹಣ ಹೆಚ್ಚುವುದಿಲ್ಲ. ರಿಫೈನರಿ ಲಾಭ ಮಾಡಿದರೆ ಅದು ರಿಫೈನರಿ ಧಂದೆಯ ಲಾಭ, ಅಗ್ಗದ ಇಂಧನವಲ್ಲ. ತೈಲ ಧಂದೆಯಲ್ಲೇ ಪಳಗಿದ ಕಂಪನಿಗಳು ನಡೆಸಲಾರದೆ ಬಿಟ್ಟ ಸ್ಥಾವರವನ್ನು ವಿಮಾನ ಕಂಪನಿ ಲಾಭಕ್ಕೆ ತರುತ್ತದೆಂಬ ನಂಬಿಕೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ರಿಫೈನರಿ ಸುಮ್ಮನೆ ಕೂತು ಲಾಭ ಕೊಡುವ ಆಸ್ತಿಯಲ್ಲ. ಕೆಲವು ವರ್ಷಕ್ಕೊಮ್ಮೆ ಘಟಕಗಳನ್ನು ವಾರಗಟ್ಟಲೆ ನಿಲ್ಲಿಸಿ, ಕುಲುಮೆಯ ಕೊಳವೆಗಳ ಸವೆತ ಅಳೆದು, ವೇಗವರ್ಧಕ ಬದಲಿಸಿ, ಕೋಟಿಗಟ್ಟಲೆ ಡಾಲರ್ ಸುರಿಯಲೇಬೇಕು. ತಳ್ಳಿಹಾಕಿದರೆ ಬೆಂಕಿ, ಸ್ಫೋಟದ ಅಪಾಯ. ಫಿಲಡೆಲ್ಫಿಯಾದ ನೆರೆಯ ರಿಫೈನರಿಯಲ್ಲಿ 2019ರ ಜೂನ್ 21ರಂದು ತುಕ್ಕು ಹಿಡಿದು ತೆಳುವಾಗಿದ್ದ ಒಂದು ಕೊಳವೆಯ ಬಾಗು ಒಡೆದು ಸ್ಫೋಟ ಸಂಭವಿಸಿತು. ಆ ರಿಫೈನರಿ ಮತ್ತೆ ತೆರೆಯಲೇ ಇಲ್ಲ.

ಯಾರೂ ಎಣಿಸದ ಖರ್ಚು: ಆರ್‌ಐಎನ್

ಪೆಟ್ರೋಲ್, ಡೀಸೆಲ್ ತಯಾರಿಸುವವರು ಎಥನಾಲ್‌ನಂಥ ಜೈವಿಕ ಇಂಧನವನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಲೇಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಬೆರೆಸಿದ್ದಕ್ಕೆ ಪುರಾವೆ ಆರ್‌ಐಎನ್ ಎಂಬ 38 ಅಂಕಿಗಳ ಗುರುತು ಸಂಖ್ಯೆ. ತಾವೇ ಬೆರೆಸುವವರಿಗೆ ಇದು ತಾನಾಗಿ ಸಿಗುತ್ತದೆ, ಬೆರೆಸದವರು ಪೇಟೆಯಲ್ಲಿ ಕೊಳ್ಳಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವ ಕಾರಣ ಅದನ್ನು ರಿಫೈನರಿಯಲ್ಲಿ ಬೆರೆಸಿ ಉದ್ದದ ಕೊಳವೆಯಲ್ಲಿ ಕಳಿಸುವುದಿಲ್ಲ. ಲಾರಿಗೆ ತುಂಬುವ ಡಿಪೊದಲ್ಲೇ ಬೆರೆಸುತ್ತಾರೆ. ಸ್ವಂತ ಡಿಪೊ, ಬಂಕ್ ಜಾಲ ಇರುವ ದೊಡ್ಡ ಕಂಪನಿಗಳಿಗೆ ಇದರಿಂದ ತೊಂದರೆಯಿಲ್ಲ. ಪೆಟ್ರೋಲನ್ನು ಗೇಟಿನಲ್ಲೇ ಒಪ್ಪಿಸಿಬಿಡುವ ಮನ್ರೋದಂಥ ರಿಫೈನರಿಗೆ ತೊಂದರೆ.

2013ರ ಆರಂಭದಲ್ಲಿ ಕೆಲವೇ ಸೆಂಟ್ ಇದ್ದ ಆರ್‌ಐಎನ್ ಬೆಲೆ ಆ ವರ್ಷದ ಜುಲೈ ಹೊತ್ತಿಗೆ ಒಂದು ಡಾಲರ್ ದಾಟಿತು. ಮನ್ರೋ ಪರಿಸರ ಇಲಾಖೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 2014ರಲ್ಲಿ ಸೋತಿತು. ಸಂಕಟದ ಸಂಗತಿಯೆಂದರೆ ವಿಮಾನ ಇಂಧನಕ್ಕೆ ಈ ಕಡ್ಡಾಯ ಅನ್ವಯಿಸುವುದೇ ಇಲ್ಲ. ಡೆಲ್ಟಾಗೆ ಬೇಕಿದ್ದ ವಸ್ತುವಿನ ಮೇಲೆ ಈ ಹೊರೆಯಿಲ್ಲ, ಅದರ ಜೊತೆಗೆ ಅನಿವಾರ್ಯವಾಗಿ ಬರುವ ಪೆಟ್ರೋಲ್, ಡೀಸೆಲ್ ಮೇಲೆ ಪೂರ್ತಿ ಹೊರೆ.

ವರ್ಷವಾರು ಫಲಿತಾಂಶ

ರಿಫೈನರಿ 2012ರ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತ ಪೂರ್ವ ಕರಾವಳಿಗೆ ಅಪ್ಪಳಿಸಿತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ ನಷ್ಟ 6.3 ಕೋಟಿ ಡಾಲರ್. 2013ರಲ್ಲಿ ನಷ್ಟ 11.6 ಕೋಟಿ. 2014ರಲ್ಲಿ 9.6 ಕೋಟಿ ಲಾಭ, 2015ರಲ್ಲಿ 29 ಕೋಟಿ ಲಾಭ, 2016ರಲ್ಲಿ ಮತ್ತೆ 12.5 ಕೋಟಿ ನಷ್ಟ. ಕೂಡಿ ಕಳೆದರೆ ನಾಲ್ಕೂ ಚಿಲ್ಲರೆ ವರ್ಷಕ್ಕೆ ಉಳಿದದ್ದು ಬರೀ 8.2 ಕೋಟಿ.

ಈ ಏರಿಳಿತಕ್ಕೆ ಕಾರಣಗಳಿವೆ. ನಾರ್ತ್ ಡಕೋಟದ ಬಾಕೆನ್ ಪ್ರದೇಶದ ಅಗ್ಗದ ಶೇಲ್ ತೈಲವನ್ನು ತರಿಸಲು ಮನ್ರೋ 2014ರಲ್ಲಿ ದಿನಕ್ಕೆ 65,000 ಬ್ಯಾರೆಲ್‌ನಂತೆ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಮುಂದೆ ಕಚ್ಚಾ ತೈಲದ ಬೆಲೆ ಕುಸಿಯಿತು. ಆದರೆ ಪೆಟ್ರೋಲ್ ಬೆಲೆ ಅಷ್ಟೇ ವೇಗದಲ್ಲಿ ಇಳಿಯಲಿಲ್ಲ, ಅಂತರ ಹಿಗ್ಗಿತು. 2015ರ ಲಾಭದ ಮೂಲ ಅದು. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ ಕಚ್ಚಾ ತೈಲ ರಫ್ತಿನ ನಿಷೇಧ ತೆಗೆದುಹಾಕಿತು. ಒಳನಾಡಿನ ತೈಲಕ್ಕೆ ಹೊರದೇಶದ ಗಿರಾಕಿ ಸಿಕ್ಕರು, ರಿಯಾಯಿತಿ ಕರಗಿತು. ಅಷ್ಟು ದೂರದಿಂದ ರೈಲಿನಲ್ಲಿ ತರಿಸುವುದಕ್ಕೆ ಅರ್ಥವೇ ಉಳಿಯಲಿಲ್ಲ. 2018ರಲ್ಲಿ ಡೆಲ್ಟಾ ಪಾಲುದಾರರನ್ನು ಹುಡುಕಿತು. ಆದರೆ ವ್ಯವಹಾರ ಕುದುರಲಿಲ್ಲ. ಕೋವಿಡ್ ಬಂದಾಗ ವಿಮಾನಗಳೂ ನಿಂತವು, ಇಂಧನದ ಬೇಡಿಕೆಯೂ ಬಿತ್ತು. ಒಂದು ಕೈಯ ನಷ್ಟವನ್ನು ಇನ್ನೊಂದು ಕೈ ತುಂಬುತ್ತದೆಂಬ ಲೆಕ್ಕಾಚಾರ 2020ರಲ್ಲಿ ಎರಡೂ ಕಡೆ ಸೋತಿತು.

2022ರ ಏಪ್ರಿಲ್ ತೋರಿಸಿದ್ದು

ಹಾಗಾದರೆ ಕೊಂಡದ್ದೇ ತಪ್ಪಾಯಿತೇ? ಉತ್ತರಿಸುವ ಮೊದಲು ಉಕ್ರೇನ್ ಯುದ್ಧ ಶುರುವಾದ ಮೇಲಿನ ದಿನಗಳನ್ನು ನೋಡಬೇಕು. 2022ರ ಏಪ್ರಿಲ್ ಮೊದಲ ವಾರ ನ್ಯೂಯಾರ್ಕ್ ಬಂದರಿನಲ್ಲಿ ವಿಮಾನ ಇಂಧನ ಗ್ಯಾಲನ್‌ಗೆ 7 ಡಾಲರ್ ದಾಟಿತು. ಕಚ್ಚಾ ತೈಲ ಆಗ ಬ್ಯಾರೆಲ್‌ಗೆ 105 ಡಾಲರ್ ಆಜುಬಾಜು, ಗ್ಯಾಲನ್ ಲೆಕ್ಕದಲ್ಲಿ ಎರಡೂವರೆ ಡಾಲರ್. ಅಂದರೆ ಕ್ರ್ಯಾಕ್ ಒಂದೇ ಗ್ಯಾಲನ್‌ಗೆ ನಾಲ್ಕೂವರೆ ಡಾಲರ್, ಬ್ಯಾರೆಲ್‌ಗೆ ಸುಮಾರು 190 ಡಾಲರ್. ಸಂಸ್ಕರಣೆಯ ಕೂಲಿ ಮೂಲ ಮಾಲಿನ ಬೆಲೆಯನ್ನೇ ಮೀರಿತ್ತು! ಮೆಕ್ಸಿಕೊ ಕೊಲ್ಲಿಯ ದಡದಲ್ಲಿ ಬೆಲೆ ಅಷ್ಟು ಏರಿರಲಿಲ್ಲ. ಆದರೆ ಅಲ್ಲಿನ ಮಾಲು ಕೊಳವೆಯಲ್ಲಿ ಬರಲು ಎರಡೂವರೆ ವಾರ ಬೇಕಲ್ಲವೇ? ಅಷ್ಟರಲ್ಲಿ ಬೆಲೆ ಬಿದ್ದರೆ ನಷ್ಟ ಎಂದು ವರ್ತಕರು ಮಾಲು ಕಳಿಸಲು ಹಿಂಜರಿದರು.

ಕಚ್ಚಾ ತೈಲದ ವಾಯಿದೆ ಹಿಡಿದಿದ್ದ ಯಾವ ಕಂಪನಿಗೂ ಆ ವಾರ ರಕ್ಷಣೆ ಸಿಗಲಿಲ್ಲ, ಏಕೆಂದರೆ ಏರಿದ್ದು ಕಚ್ಚಾ ತೈಲವಲ್ಲ. ರಿಫೈನರಿ ಇದ್ದವರಿಗೆ ಸಿಕ್ಕಿತು. ಕ್ರ್ಯಾಕ್ ಆ ಮಟ್ಟದಲ್ಲಿ ಉಳಿದದ್ದು ಕೆಲವೇ ದಿನ. ಆದರೂ ವರ್ಷವಿಡೀ ಅಂತರ ದೊಡ್ಡದಾಗಿಯೇ ಇದ್ದು, ಟ್ರೇನರ್‌ನ ಆ ವರ್ಷದ ಲಾಭ 70 ಕೋಟಿ ಡಾಲರ್ ಮೀರಿತು. ಕೊಂಡ ಬೆಲೆ ಮತ್ತು ಮಾರ್ಪಾಡಿನ ಖರ್ಚು ಸೇರಿದ 25 ಕೋಟಿಯ ಎರಡೂವರೆ ಪಟ್ಟಿಗಿಂತ ಹೆಚ್ಚು, ಒಂದೇ ವರ್ಷದಲ್ಲಿ.

ಹಾಗಾಗಿ ಇದನ್ನು ವಿಮೆಯೆಂದು ನೋಡಿದರೆ ಅರ್ಥವಾಗುತ್ತದೆ. ವಿಮೆಗೆ ಪ್ರತಿವರ್ಷ ಕಂತು ಕಟ್ಟಬೇಕು. ಮನೆಗೆ ಬೆಂಕಿ ಬೀಳದ ವರ್ಷ ಕಟ್ಟಿದ ಹಣ ದಂಡವಾಯಿತೆಂದು ಕೊರಗುವುದು ತಪ್ಪು. ಹಾಗೆಯೇ 2022ರ ಲಾಭ ತೋರಿಸಿ ಇದು ಸದಾ ಹಣ ಸುರಿಸುವ ಯಂತ್ರವೆನ್ನುವುದೂ ತಪ್ಪು.

ಬೇರೆಯವರು ಯಾಕೆ ಹಿಂದೆ ಬರಲಿಲ್ಲ

ಅಮೆರಿಕದ ಬೇರೆ ಯಾವ ದೊಡ್ಡ ವಿಮಾನ ಕಂಪನಿಯೂ ರಿಫೈನರಿ ಕೊಳ್ಳಲಿಲ್ಲ. ಡೆಲ್ಟಾಗೆ ಒದಗಿದ ಸಂದರ್ಭಗಳು ಮತ್ತೆ ಒಟ್ಟಿಗೆ ಕೂಡಿಬರುವುದು ಕಷ್ಟ. ಮುಚ್ಚಿದ ಸ್ಥಾವರ ಅಗ್ಗಕ್ಕೆ ಸಿಗಬೇಕು, ಉದ್ಯೋಗ ಉಳಿಸಲು ಸರ್ಕಾರ ನೆರವಿಗೆ ಬರಬೇಕು, ಅದು ತನ್ನ ದೊಡ್ಡ ನೆಲೆಯ ಹತ್ತಿರವೇ ಇರಬೇಕು, ಆ ಪ್ರದೇಶದಲ್ಲಿ ಇಂಧನದ ಕೊರತೆ ಇರಬೇಕು, ಉಳಿದ ಮಾಲನ್ನು ತೆಗೆದುಕೊಳ್ಳುವ ದೊಡ್ಡ ತೈಲ ಕಂಪನಿಗಳು ಮುಂದೆ ಬರಬೇಕು. ಮೆಕ್ಸಿಕೊ ಕೊಲ್ಲಿಯ ದಡದಲ್ಲಿ ರಿಫೈನರಿಗಳು ಸಾಲುಗಟ್ಟಿವೆ. ಅಲ್ಲಿ ಇನ್ನೊಂದನ್ನು ಕೊಂಡರೆ ಬೆಲೆಯ ಮೇಲೆ ಯಾವ ಪರಿಣಾಮವೂ ಆಗದು. ಮೇಲಾಗಿ ಡೆಲ್ಟಾ ಈಗಾಗಲೇ ಮಾಡಿದ್ದರ ಫಲ ಪ್ರತಿಸ್ಪರ್ಧಿಗಳಿಗೆ ಪುಕ್ಕಟೆ ಸಿಗುತ್ತಿದೆ.

ನಮ್ಮಲ್ಲಿ ಇದು ನಡೆಯುತ್ತದೆಯೇ

ಎಟಿಎಫ್ (ವಿಮಾನ ಇಂಧನಕ್ಕೆ ನಮ್ಮಲ್ಲಿನ ಹೆಸರು) ದುಬಾರಿಯಾದಾಗಲೆಲ್ಲ ಭಾರತದ ವಿಮಾನ ಕಂಪನಿಗಳೂ ಹೀಗೆ ಮಾಡಬಾರದೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿನ ರೋಗವೇ ಬೇರೆ. ನಮ್ಮಲ್ಲಿ ಸಂಸ್ಕರಣಾ ಸಾಮರ್ಥ್ಯಕ್ಕೆ ಕೊರತೆಯಿಲ್ಲ, ಎಟಿಎಫ್ ರಫ್ತು ಮಾಡುವ ದೇಶ ನಮ್ಮದು. ಹೊರೆ ಇರುವುದು ತೆರಿಗೆಯಲ್ಲಿ.

ಲೆಕ್ಕಕ್ಕೆಂದು ಕಚ್ಚಾ ತೈಲ 80 ಡಾಲರ್, ಕ್ರ್ಯಾಕ್ 15 ಡಾಲರ್, ಡಾಲರ್‌ಗೆ 85 ರೂಪಾಯಿ ಎಂದು ಹಿಡಿಯೋಣ. ಒಂದು ಕಿಲೋಲೀಟರ್ ಎಂದರೆ 6.29 ಬ್ಯಾರೆಲ್. ಮೂಲ ಬೆಲೆ ಸುಮಾರು 50,800 ರೂ. ಆಯಿತು. ಅದರಲ್ಲಿ ಕ್ರ್ಯಾಕ್‌ನ ಪಾಲು 8,000 ರೂ. ಇದರ ಮೇಲೆ ಶೇಕಡ 11 ಕೇಂದ್ರ ಅಬಕಾರಿ ಸುಂಕ, 5,600 ರೂ. ಆಮೇಲೆ ರಾಜ್ಯದ ಮಾರಾಟ ತೆರಿಗೆ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಶೇಕಡ 20 ಎಂದುಕೊಂಡರೆ 11,300 ರೂ. ಒಟ್ಟು ತೆರಿಗೆ 16,900 ರೂ., ಕ್ರ್ಯಾಕ್‌ನ ಎರಡು ಪಟ್ಟು. ಎಟಿಎಫ್ ಇನ್ನೂ ಜಿಎಸ್‌ಟಿಯ ಹೊರಗಿರುವುದರಿಂದ ತೆತ್ತ ತೆರಿಗೆಯನ್ನು ಟಿಕೆಟ್ ಮೇಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳುವಂತೆಯೂ ಇಲ್ಲ. ರಿಫೈನರಿಯನ್ನೇ ಕೊಂಡು ಕ್ರ್ಯಾಕನ್ನು ಪೂರ್ತಿ ಉಳಿಸಿದರೂ ಈ ಹೊರೆಯ ಅರ್ಧದಷ್ಟೂ ಇಳಿಯದು.

ಅದು ನಿಲುಕುವ ಬೆಲೆಗೆ ಸಿಗುವ ವಸ್ತುವೂ ಅಲ್ಲ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್, ಅಂದರೆ ದಿನಕ್ಕೆ ಸುಮಾರು 3 ಲಕ್ಷ ಬ್ಯಾರೆಲ್ ಸಂಸ್ಕರಿಸುತ್ತದೆ. ಟ್ರೇನರ್‌ಗಿಂತ ಬಹಳ ದೊಡ್ಡದು, ಒಎನ್‌ಜಿಸಿ ಒಡೆತನದ್ದು. ಅಲ್ಲಿಂದ ಹಾಸನದ ಮೂಲಕ ಬೆಂಗಳೂರು ಹೊರವಲಯದ ದೇವನಗೊಂದಿಗೆ ಸುಮಾರು 360 ಕಿ.ಮೀ. ಕೊಳವೆಮಾರ್ಗವೇ ಇದೆ. ತೊಟ್ಟಿ, ಕೊಳವೆ, ನಿಲ್ದಾಣದ ದಾಸ್ತಾನು ಬಹುಪಾಲು ತೈಲ ಕಂಪನಿಗಳ ಹಿಡಿತದಲ್ಲಿರುವಾಗ ಬರೀ ಬಟ್ಟಿ ಗೋಪುರ ಕೈಯಲ್ಲಿದ್ದು ಪ್ರಯೋಜನವಿಲ್ಲ.

ಇದರ ಪರೀಕ್ಷೆ ಒಮ್ಮೆ ಆಗಿದೆ. ಟ್ರೇನರ್ ಖರೀದಿ ನಡೆದ 2012ರಲ್ಲೇ ಕೇಂದ್ರ ಸರ್ಕಾರ ವಿಮಾನ ಕಂಪನಿಗಳಿಗೆ ಎಟಿಎಫ್ ನೇರವಾಗಿ ಆಮದು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಸ್ವಂತ ಬಳಕೆಗೆ ತರಿಸಿಕೊಂಡದ್ದು "ಮಾರಾಟ" ಆಗುವುದಿಲ್ಲವಾದ್ದರಿಂದ ರಾಜ್ಯದ ಮಾರಾಟ ತೆರಿಗೆ ತಪ್ಪುತ್ತದೆ ಎಂಬುದು ಆಸೆ. ಬೆಂಗಳೂರಿನ ಕಿಂಗ್‌ಫಿಷರ್ ಇದಕ್ಕಾಗಿ ಒತ್ತಾಯಿಸಿದವುಗಳಲ್ಲಿ ಒಂದು. ಅನುಮತಿ ಕಾಗದದ ಮೇಲೆ ಬಂತು. ಆದರೆ ಬಂದರಿನಲ್ಲಿ ಹಡಗಿನಿಂದ ಇಳಿಸಿದ ಇಂಧನವನ್ನು ಯಾರ ತೊಟ್ಟಿಯಲ್ಲಿ ತುಂಬುವುದು, ಯಾರ ಕೊಳವೆಯಲ್ಲಿ ಕಳಿಸುವುದು, ನಿಲ್ದಾಣದಲ್ಲಿ ಅದರ ಗುಣಮಟ್ಟಕ್ಕೆ ಯಾರು ಸಹಿ ಹಾಕುವುದು? ತೊಟ್ಟಿಯ ತಳದಲ್ಲಿ ನೀರು ನಿಂತರೆ ಸೂಕ್ಷ್ಮಜೀವಿ ಬೆಳೆದು ಫಿಲ್ಟರ್ ಕಟ್ಟುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ನೀರು ಬಸಿದು, ಮಾದರಿ ತೆಗೆದು, ಪರೀಕ್ಷೆಯ ಚೀಟಿ ಜೊತೆಗಿಟ್ಟೇ ಮುಂದಕ್ಕೆ ಬಿಡಬೇಕು. ಆ ವ್ಯವಸ್ಥೆಯೆಲ್ಲ ಇದ್ದದ್ದು ಯಾರಿಂದ ಇಂಧನ ಕೊಳ್ಳುವುದನ್ನು ತಪ್ಪಿಸಲು ಹೊರಟಿದ್ದರೋ ಅದೇ ತೈಲ ಕಂಪನಿಗಳ ಬಳಿ. ನೇರ ಆಮದು ಮೇಲೇಳಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಿತು. ದೇಶದೊಳಗಿನ ವಿಮಾನಗಳು ಇಂದಿಗೂ ತುಂಬಿಸಿಕೊಳ್ಳುವುದು ತೈಲ ಕಂಪನಿಗಳು ಪ್ರತಿ ತಿಂಗಳ ಮೊದಲ ತಾರೀಖು ಪ್ರಕಟಿಸುವ ದರದಲ್ಲಿ.